ಕ್ಯೋಟೋ ಮಳೆಯಲ್ಲಿ ನೆನೆದ ಗೌರಿ

ಕ್ಯೋಟೋ ಊರಿನ ಮೇಲೆ ಬಂದ ಹಾಡುಗಳಲ್ಲೆಲ್ಲ ಮಳೆ ಸುರಿಯುತ್ತಲೇ ಇರುತ್ತದೆ, ಆದರೆ ಯಾವ ಹೆಂಗಸಿನ ಕೈಯಲ್ಲೂ ಕೊಡೆ ಇರುವುದಿಲ್ಲ. ಇದು ನನ್ನ ಸಂಶೋಧನೆಯಲ್ಲ. ಅದೇ ಊರಿನಲ್ಲಿ ಹುಟ್ಟಿ ಬೆಳೆದು, ಈಗ ಅಮೆರಿಕದ ಮಿಷಿಗನ್ ರಾಜ್ಯದ ಟ್ರಾಯ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ ನನ್ನ ಜಪಾನಿ ಗೆಳತಿ ಹೇಳಿದ್ದು.

"ನಮ್ಮೂರಿನ ಮೇಲೆ ಹಾಡು ಬರೆದವರೆಲ್ಲ ಟೋಕಿಯೋದವರು. ರೈಲಿನಲ್ಲಿ ಬರುತ್ತಾರೆ, ಎರಡು ದಿನ ಅಳುತ್ತಾರೆ, ಒಂದು ಹಾಡು ಬರೆದುಕೊಂಡು ವಾಪಸ್ ಹೋಗುತ್ತಾರೆ. ಅಲ್ಲೇ ಇರುವ ನಮಗೆ ಅಳುವುದಕ್ಕೆ ಪುರುಸೊತ್ತೆಲ್ಲಿ? ನಮ್ಮಪ್ಪ ತೋಫು ಅಂಗಡಿಯ ಬಾಗಿಲನ್ನು ಬೆಳಿಗ್ಗೆ ನಾಲ್ಕಕ್ಕೆ ತೆರೆಯುತ್ತಿದ್ದ."

ನಮ್ಮಿಬ್ಬರ ಮಾತು ನಡೆಯುವುದು ಇಂಗ್ಲಿಷಿನಲ್ಲಿ. ಅವಳ ಇಂಗ್ಲಿಷ್ ನಿಧಾನ, ನನ್ನದು ಕಾನ್ವೆಂಟಿನದು, ಇಸ್ತ್ರಿ ಹಾಕಿದ ಹಾಗೆ. ಆದರೆ ಈ ಮಾತು ಮೈಸೂರಿನವಳಾದ ನನಗೆ ಕನ್ನಡದಷ್ಟೇ ಚೆನ್ನಾಗಿ ಅರ್ಥವಾಯಿತು. ನಮ್ಮೂರಿನ ಮೇಲಿನ ಹಾಡುಗಳಲ್ಲಿಯೂ ಮಲ್ಲಿಗೆ ಅರಳುತ್ತಲೇ ಇರುತ್ತದೆ. ನಲ್ಲಿಯಲ್ಲಿ ನೀರು ಬಾರದ ದಿನಕ್ಕೆ ಇದುವರೆಗೆ ಯಾರೂ ರಾಗ ಹಾಕಿಲ್ಲ.

ಅವಳ ಗಂಡನಿಗೆ ಜಪಾನಿನ ಕಾರಿನ ಬಿಡಿಭಾಗದ ಕಂಪನಿಯಲ್ಲಿ ಕೆಲಸ. ನಮ್ಮ ಯಜಮಾನರಿಗೆ ಅಂಥದೇ ಇನ್ನೊಂದು ಕಂಪನಿಯಲ್ಲಿ. ನಮ್ಮ ಬಡಾವಣೆಯಲ್ಲಿ ಬೇಲಿ ಹಾಕುವಂತಿಲ್ಲ. ಹಾಗಾಗಿ ಅವಳ ಮೂಲಂಗಿ ಮಡಿ ಎಲ್ಲಿ ಮುಗಿಯುತ್ತದೆ, ನನ್ನ ಮೆಂತ್ಯದ ಮಡಿ ಎಲ್ಲಿ ಶುರುವಾಗುತ್ತದೆ ಎನ್ನುವುದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಮಧ್ಯಾಹ್ನ ಒಂದರಿಂದ ಮೂರರವರೆಗೆ, ಮಕ್ಕಳ ಸ್ಕೂಲ್ ಬಸ್ ಬರುವ ತನಕ, ಅವಳ ಬೇಸ್‌ಮೆಂಟಿನಲ್ಲಿ ಹಾಡು. ಅಲ್ಲಿ ಬರೀ ವಾದ್ಯ ನುಡಿಸಿ ಹಾಡನ್ನು ನಮಗೆ ಬಿಡುವ ಒಂದು ಕರೋಕೆ ಮೆಷಿನ್, ಎರಡು ಮೈಕು. ಮೈಕಿನ ತಲೆಗೆ ಅವಳು ಮಗುವಿನ ಹಳೆಯ ಕಾಲುಚೀಲ ತೊಡಿಸಿದ್ದಳು, ಎಂಜಲು ಹಾರಬಾರದೆಂದು. ಕ್ಯೋಟೋ ಹಾಡುಗಳೆಂದರೆ ಅವಳಿಗೆ ನಗು. ಹಾಡಲು ಶುರು ಮಾಡಿದರೆ ಮಾತ್ರ ಎರಡನೇ ಸಾಲಿಗೇ ಕಣ್ಣು ತೇವ. "ಟೋಕಿಯೋದವರು ಬರೆದದ್ದು," ಎನ್ನುತ್ತಾ ಏಪ್ರನ್ನಿನಲ್ಲಿ ಕಣ್ಣು ಒರೆಸಿಕೊಳ್ಳುವಳು.

ಅವುಗಳಲ್ಲಿ ಒಂದು ಹಾಡು ನನ್ನನ್ನು ಹಿಡಿಯಿತು. ಹೊಳೆಯ ಸೇತುವೆಯ ಮೇಲೆ ಮಳೆಯಲ್ಲಿ ಒಬ್ಬಳು ನಿಂತಿದ್ದಾಳೆ, ಬರುತ್ತೇನೆಂದವನು ಬಂದಿಲ್ಲ, ದೇವಸ್ಥಾನದ ಗಂಟೆ ಕೇಳುತ್ತದೆ, ಅಷ್ಟೇ. ಜಪಾನಿ ಪದಗಳನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ನಮ್ಮ ಲಿಪಿಯಲ್ಲಿ ಅವು ಎಷ್ಟು ಸಲೀಸಾಗಿ ಕೂತವೆಂದರೆ, ದಿನಸಿ ಚೀಟಿಯ ಪಕ್ಕ ಫ್ರಿಜ್ಜಿಗೆ ಅಂಟಿಸಿದ್ದನ್ನು ನೋಡಿ ನಮ್ಮ ಯಜಮಾನರು ಯಾವುದೋ ಹೊಸ ಸ್ತೋತ್ರವೆಂದುಕೊಂಡಿದ್ದರು.

ಇಲ್ಲಿ ನನ್ನ ಹಳೆಯದೊಂದು ಚಾಳಿಯ ಬಗ್ಗೆ ಹೇಳಬೇಕು. ಕಾನ್ವೆಂಟಿನಲ್ಲಿ ನಾನು ಕ್ವಾಯರ್ ಹುಡುಗಿ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಹಾಡಿದ ಇಂಗ್ಲಿಷ್ ಭಕ್ತಿಗೀತೆಗೆ ಮಧ್ಯಾಹ್ನದೊಳಗೆ ಕನ್ನಡ ಮಾತು ಕೂಡಿಸಿ ಗೆಳತಿಯರಿಗೆ ಹಂಚುತ್ತಿದ್ದೆ. ವಿಷಯ ಹಾಸ್ಟೆಲಿನ ಉಪ್ಪಿಟ್ಟು, ಗಣಿತದ ಟೀಚರ ಜಡೆ, ಇಂಥವು. ಒಂದು ದಿನ ಸಂಗೀತದ ಸಿಸ್ಟರ್ ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿಸಿಕೊಂಡರು. "ತಾಳ ಎಲ್ಲೂ ತಪ್ಪಿಲ್ಲ. ಬಹಳ ಚೆನ್ನಾಗಿದೆ. ಈಗ ಮೊಣಕಾಲೂರು," ಎಂದರು. ಮೊಣಕಾಲೂರಿದ ನೋವು ಮರೆತಿದೆ. "ತಾಳ ತಪ್ಪಿಲ್ಲ" ಎಂದದ್ದು ಮರೆತಿಲ್ಲ.

ಈ ಚಾಳಿ ನಲವತ್ತು ದಾಟಿದ ಮೇಲೆ ಮತ್ತೆ ತಲೆಯೆತ್ತಿದ್ದು ನವರಾತ್ರಿಯ ಕಾರಣದಿಂದ.

ನಮ್ಮ ಕಡೆ ಬೊಂಬೆ ನೋಡಲು ಹೋದ ಹೆಂಗಸು ಹಾಡು ಹೇಳದೆ ತಾಂಬೂಲ ತೆಗೆದುಕೊಂಡು ಎದ್ದು ಬರುವಂತಿಲ್ಲ. "ಒಂದು ಹಾಡು ಹೇಳಿ" ಎಂದ ಕೂಡಲೇ "ಅಯ್ಯೋ ನಂಗೆ ಗಂಟಲು ಕಟ್ಟಿದೆ" ಎನ್ನುವುದು, ಮೂರು ಸಲ ಒತ್ತಾಯ ಮಾಡಿಸಿಕೊಂಡು ಆರು ನುಡಿ ಹಾಡುವುದು, ಎಲ್ಲ ಪದ್ಧತಿ. ಟ್ರಾಯ್‌ನಲ್ಲಿ ಒಂದು ಸಂಜೆಗೆ ಇಪ್ಪತ್ತು ಹೆಂಗಸರು ಸೇರುತ್ತೇವೆ. ನಮಗೆಲ್ಲ ಸೇರಿ ಪೂರ್ತಿ ಬರುವ ಹಾಡು ಹನ್ನೊಂದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ನಾನು ಬಾಗಿಲ ಬಳಿ, ಸ್ನೋ ಬೂಟುಗಳ ಪಕ್ಕ ಕೂರುವವಳು. ನನ್ನ ಸರದಿ ಬರುವಷ್ಟರಲ್ಲಿ ಲಕ್ಷ್ಮಿ, ಸರಸ್ವತಿ, ಪಾರ್ವತಿ ಎಲ್ಲರೂ ಖರ್ಚಾಗಿರುತ್ತಾರೆ. ಹೋದ ವರ್ಷ ನಾನು ಸ್ಕೂಲಿನ ಪ್ರಾರ್ಥನೆ ಹಾಡಿ ಕುಂಕುಮ ಇಟ್ಟುಕೊಂಡು ಬಂದಿದ್ದೆ.

ಈ ಸಲ ಮಂಗಳವಾರವೇ ತಯಾರಾದೆ. ಕೋಸಂಬರಿಗೆ ಹೆಸರುಬೇಳೆ ನೆನೆಯಲು ಇಟ್ಟು, ಅದು ನೆನೆಯುವಷ್ಟರಲ್ಲಿ ಸೇತುವೆಯ ಮೇಲೆ ನಿಂತಿದ್ದ ಕ್ಯೋಟೋ ಹೆಂಗಸನ್ನು ತವರಿಗೆ ಬಂದ ಗೌರಿಯನ್ನಾಗಿ ಮಾಡಿಬಿಟ್ಟೆ. ರಾಗ ಅದೇ, ಮಳೆ ಅದೇ.

ಕೊಡೆಯ ಮರೆತು ಬಂದೆಯೇನೆ ಗೌರಿ
ಹೊಳೆಯ ಸೇತುವೆ ದಾಟಿ,
ನೆನೆದ ಸೆರಗಿನ ತುದಿಯ ಹಿಂಡಿಕೊ
ತವರ ಹೊಸಿಲಿನ ಮುಂದೆ.

ಹೀಗೆ ಎರಡು ನುಡಿ. ಮೂರನೆಯದಕ್ಕೆ ಬೇಳೆ ನೆನೆದಿತ್ತು, ಬಿಟ್ಟೆ.

ಶುಕ್ರವಾರ ಸಂಜೆ ಬೊಂಬೆ ಮನೆಯಲ್ಲಿ ನಾನು ಹಾಡಿದಾಗ ಎದುರಿಗೆ ಕೂತಿದ್ದವರು ದೊಡ್ಡಾಂಟಿ. ನಮ್ಮ ಭಜನೆ ಗುಂಪಿನ ಹಿರಿಯರು, ಎಪ್ಪತ್ತು ದಾಟಿದೆ. ಬೆಂಗಳೂರಿನವರು, ಟ್ರಾಯ್‌ಗೆ ಬಂದು ಎಷ್ಟು ಕಾಲವಾಯಿತೆಂದು ಅವರಿಗೇ ಲೆಕ್ಕವಿಲ್ಲ. ರೇಷ್ಮೆ ಸೀರೆ, ಕೆಳಗೆ ಉಣ್ಣೆಯ ಕಾಲುಚೀಲ, ಸೆರಗಿನಲ್ಲಿ ಯಾರಿಗೆ ಬೇಕಾದರೂ ಸಿಗುವ ಮೂರು ಸೇಫ್ಟಿ ಪಿನ್ನು. ಯಾರು ಹಾಡಿದರೂ ನಡುವೆಯೇ ಗಟ್ಟಿಯಾಗಿ ರಾಗದ ಹೆಸರು ಹೇಳುವುದು ಅವರ ಅಭ್ಯಾಸ. ಸಂಪ್ರದಾಯದ ವಿಷಯದಲ್ಲಿ ಆಂಟಿ ಹೇಳಿದರೆ ಮುಗಿಯಿತು. ಅಥವಾ ಇತ್ತೀಚಿನವರೆಗೆ ಮುಗಿಯುತ್ತಿತ್ತು. ಹೋದ ಚಳಿಗಾಲದಲ್ಲಿ ಹೊಸದಾಗಿ ಬಂದ ಹುಡುಗಿಯೊಬ್ಬಳು ಫೋನ್ ನೋಡಿ, "ಆಂಟಿ, ಇದು ಆ ರಾಗ ಅಲ್ವಂತೆ," ಎಂದು ಎಲ್ಲರೆದುರು ಹೇಳಿದ್ದಳು. ದೊಡ್ಡಾಂಟಿ "ಓ ಹೌದಾ" ಎಂದು ನಕ್ಕರು. ಆಮೇಲೆ ಮೂರು ವಾರ ಭಜನೆಗೆ ಬರಲಿಲ್ಲ, ಮಂಡಿನೋವು ಎಂದರು. ಅವರ ಮಂಡಿಗೆ ಏನೂ ಆಗಿರಲಿಲ್ಲ. ನಾನು ಅವರನ್ನು ಗ್ರೋಸರಿ ಅಂಗಡಿಯಲ್ಲಿ ನೋಡಿದ್ದೆ, ಕೆಳಗಿನ ಶೆಲ್ಫಿನಿಂದ ಅಕ್ಕಿ ಚೀಲ ಎತ್ತುತ್ತಿದ್ದರು.

ನನ್ನ ಹಾಡಿನ ಮೊದಲ ನುಡಿಗೆ, "ಮೋಹನ! ಶುದ್ಧ ಮೋಹನ!" ಎಂದರು. ಎರಡನೆಯದಕ್ಕೆ ಸುಮ್ಮನಾದರು. ಹಾಡು ಮುಗಿದಾಗ ಅವರ ಕನ್ನಡಕದ ಕೆಳಗಿನ ಅಂಚು ಒದ್ದೆಯಾಗಿತ್ತು.

"ಇದು ನಮ್ಮಜ್ಜಿ ಹಾಡು ಕಣೇ," ಎಂದರು. "ಎಷ್ಟು ವರ್ಷ ಆಯ್ತು ಕೇಳಿ! ನಾನು ಚಿಕ್ಕೋಳಿದ್ದಾಗ ನಮ್ಮಜ್ಜಿ ನೀರೊಲೆ ಮುಂದೆ ಕೂತ್ಕೊಂಡು ಹಾಡ್ತಿದ್ರು."

ಆಗಲೇ ನಾನು ಬಾಯಿ ಬಿಡಬೇಕಿತ್ತು. ಮಾರಲ್ ಸೈನ್ಸ್ ಪೀರಿಯಡ್ಡಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು: ಪಾಪದಲ್ಲಿ ಎರಡು ವಿಧ, ಮಾಡಿದ್ದು ಒಂದು, ಮಾಡಬೇಕಾದ್ದನ್ನು ಮಾಡದೆ ಬಿಟ್ಟದ್ದು ಇನ್ನೊಂದು. ನಾನು ಎರಡನೆಯದನ್ನು ಆರಿಸಿಕೊಂಡೆ. ಇಪ್ಪತ್ತು ಜನರೆದುರು ಅವರ ಒದ್ದೆ ಕನ್ನಡಕವನ್ನು ಸುಳ್ಳು ಮಾಡುವುದು ಹೇಗೆ? ಅದಲ್ಲದೆ, ನಿಜ ಹೇಳಬೇಕೆಂದರೆ, ಒಳಗೊಳಗೇ ಖುಷಿ. ಮಂಗಳವಾರ ಬರೆದದ್ದು ಶುಕ್ರವಾರಕ್ಕೆ ಸಂಪ್ರದಾಯವಾಗಿತ್ತು.

"ಆದ್ರೆ ನೀನು ಮೂರನೇ ನುಡಿ ಬಿಟ್ಟೆ," ಎಂದರು ದೊಡ್ಡಾಂಟಿ.

"ಮೂರನೇದು ಇದೆಯಾ ಆಂಟಿ?"

"ಇಲ್ದೇ ಏನು? ಸರಿಯಾಗಿ ನೆನಪು ಬರ್ತಿಲ್ಲ. ಮನೆಗೆ ಹೋಗಿ ಜ್ಞಾಪಿಸ್ಕೊಂಡು ಹೇಳ್ತೀನಿ ಇರು."

ಎರಡು ದಿನದ ಮೇಲೆ ವಾಟ್ಸಾಪಿನಲ್ಲಿ ಅವರ ದನಿ ಬಂತು. ನಾನು ಒಲೆಯ ಮುಂದೆ ಸೌಟು ಹಿಡಿದು ನಿಂತು ಕೇಳಿದೆ.

ಬಿಟ್ಟು ಬಂದ ಮನೆ ಯಾವುದೆಂದು
ಕೇಳಬೇಡಿರೇ ಯಾರೂ,
ಹೋದ ಮನೆಯೂ ತವರೇ ಆಯ್ತು
ದೀಪ ಹಚ್ಚಿದ ಮೇಲೆ.

ಒಗ್ಗರಣೆ ಸೀದು ಹೋಯಿತು. ಮೊದಲು ನಗು ಬಂತು; ಇಲ್ಲದ ಹಾಡಿನ ಮೂರನೇ ನುಡಿಯನ್ನು ಜ್ಞಾಪಿಸಿಕೊಂಡಿದ್ದಾರಲ್ಲ ಎಂದು. ಆಮೇಲೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಅದು ನನ್ನ ಎರಡು ನುಡಿಗಿಂತ ಚೆನ್ನಾಗಿತ್ತು.

ಆ ದನಿ ಗುಂಪಿನಿಂದ ಗುಂಪಿಗೆ ಹೋಯಿತು. ಶಿಕಾಗೋ ಪಕ್ಕದ ಶಾಮ್‌ಬರ್ಗಿನಿಂದ ಯಾರೋ ಸಾಹಿತ್ಯ ಕೇಳಿದರು, ಅಲ್ಲೇ ಹತ್ತಿರದ ಬೋಲಿಂಗ್‌ಬ್ರೂಕಿನಲ್ಲಿ ಯಾರದೋ ಮಗಳು ಅದಕ್ಕೆ ಹೆಜ್ಜೆ ಹಾಕಿದಳಂತೆ. ಕೊನೆಗೆ, ನವೆಂಬರಿನಲ್ಲಿ ಬೋಲಿಂಗ್‌ಬ್ರೂಕಿನಲ್ಲಿ ನಡೆಯುವ ರಾಜ್ಯೋತ್ಸವಕ್ಕೆ ದೊಡ್ಡಾಂಟಿಗೆ ಕರೆ ಬಂತು. ಹಿರಿಯರು ತಮ್ಮ ಅಜ್ಜಿಯರ ಹಾಡನ್ನು ಹಾಡಿ, ಅದರ ಹಿನ್ನೆಲೆಯನ್ನೂ ಹೇಳುವ ಕಾರ್ಯಕ್ರಮ. ಅವರು ಒಂದು ಪುಟದ ಹಿನ್ನೆಲೆಯನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿದರು. ಮಂಡಿನೋವಿನ ಮಾತೇ ಇಲ್ಲ. ನನಗೆ ಫೋನ್ ಮಾಡಿ, "ನಿನ್ನಿಂದ ನಮ್ಮಜ್ಜಿ ವಾಪಸ್ ಬಂದಂಗಾಯ್ತು ಕಣೇ. ನೀನೂ ನನ್ನ ಜೊತೆ ಬರ್ಬೇಕು," ಎಂದರು. ನಮ್ಮ ವ್ಯಾನಿನಲ್ಲೇ ಹೋಗೋಣ ಎಂದು ಒಪ್ಪಿಕೊಂಡೆ.

ಪಕ್ಕದ ಮನೆಯವಳಿಗೆ ನಾನು ಇದು ಯಾವುದನ್ನೂ ಹೇಳಿರಲಿಲ್ಲ. ಅವಳ ಊರಿನ ಹಾಡಿಗೆ ಅರಿಶಿನ ಕುಂಕುಮ ಹಚ್ಚಿ ಕೂರಿಸಿದ್ದೇನೆಂದು ಯಾವ ಬಾಯಲ್ಲಿ ಹೇಳುವುದು? ಹೊರಡುವ ಹಿಂದಿನ ದಿನ ನಮ್ಮ ಯಜಮಾನರು ಹೊರಗೆ ಎಲೆ ಗುಡಿಸುತ್ತಾ ಅವಳೊಂದಿಗೆ ಮಾತಿಗೆ ನಿಂತರು. ಒಳಗೆ ಬಂದು ಬಹಳ ಸಂತೋಷದಿಂದ ಹೇಳಿದರು:

"ಅವ್ರು ಶಿಕಾಗೋ ಹತ್ರದ ಜಪಾನಿ ಅಂಗಡಿಗೆ ಹೋಗ್ಬೇಕಂತೆ, ಅವ್ರ ಯಜಮಾನ್ರು ಊರಲ್ಲಿಲ್ವಂತೆ. ನಮ್ಮ ವ್ಯಾನಲ್ಲಿ ಸೀಟಿದೆ, ಬನ್ನಿ, ನಾಳೆ ನಮ್ಮ ಫಂಕ್ಷನ್ ನೋಡಿ, ನಾಡಿದ್ದು ಅಂಗಡಿಗೆ ಹೋಗೋಣ ಅಂದೆ. ಒಳ್ಳೇದಾಯ್ತಲ್ವಾ?"

"ಬಹಳ ಒಳ್ಳೇದಾಯ್ತು," ಎಂದೆ. ನನ್ನ ಕೈಯಲ್ಲಿದ್ದ ಲಟ್ಟಣಿಗೆಯನ್ನು ಅವರು ಗಮನಿಸಲಿಲ್ಲ.

ಎರಡೂ ಮನೆಯ ಮಕ್ಕಳನ್ನು ಭಜನೆ ಗುಂಪಿನವರೊಬ್ಬರ ಮನೆಯಲ್ಲಿ ಬಿಟ್ಟು ಬೆಳಿಗ್ಗೆ ಆರಕ್ಕೆ ಹೊರಟೆವು. ದೊಡ್ಡಾಂಟಿ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಹಿನ್ನೆಲೆ. ಹಿಂದೆ ನಾನು, ನನ್ನ ಪಕ್ಕ ಗೆಳತಿ, ಅವಳ ಕಾಲ ಬಳಿ ಮೀನಿಗೆಂದು ಖಾಲಿ ಐಸ್ ಡಬ್ಬ. ಬ್ಯಾಟಲ್ ಕ್ರೀಕ್ ದಾಟುವ ತನಕ ಹವೆಯ ಮಾತು, ಮಕ್ಕಳ ಮಾತು. ಕಲಮಜೂ ಎಕ್ಸಿಟ್ ಬೋರ್ಡ್ ಕಂಡಾಗ ದೊಡ್ಡಾಂಟಿ ಗಂಟಲು ಸರಿ ಮಾಡಿಕೊಂಡರು.

"ಒಂದ್ಸಲ ಹಾಡ್ಕೊಂಬಿಡೋಣ. ನೀನೂ ಸೇರ್ಕೋ."

"ಆಂಟಿ, ಹೀಟರ್ ಗಾಳಿಗೆ ಗಂಟಲು ಒಣಗುತ್ತೆ. ಒಂದು ಕೋಡುಬಳೆ ತಿನ್ನಿ."

"ಕೋಡುಬಳೆ ತಿಂದ್ರೆ ಒಣಗಲ್ವಾ?"

"ಹಾಗಾದ್ರೆ ಬಾಳೆಹಣ್ಣು."

"ಇದೇನೇ, ಬೆಳಗ್ಗಿಂದ ನಂಗೆ ನೈವೇದ್ಯ ಮಾಡ್ತಾ ಇದೀಯ?"

ಹಾಡಿದರು. ನಾನು ಕಿಟಕಿಯ ಹೊರಗೆ ಎಲೆ ಉದುರಿದ ಮರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಪಕ್ಕದಲ್ಲಿ ಮೊದಲ ಸಾಲಿಗೆ ಗೆಳತಿಯ ತಲೆ ಮೇಲೆದ್ದಿತು. ಎರಡನೇ ಸಾಲಿಗೆ ಬೆರಳು ಐಸ್ ಡಬ್ಬದ ಮೇಲೆ ತಾಳ ಹಾಕಿತು. ಮೂರನೇ ಸಾಲಿಗೆ ಅವಳು ಹಾಡಿಯೇಬಿಟ್ಟಳು, ಜಪಾನಿ ಭಾಷೆಯಲ್ಲಿ, ಬೇಸ್‌ಮೆಂಟಿನಲ್ಲಿ ಹಾಡುವಷ್ಟೇ ದೊಡ್ಡ ದನಿಯಲ್ಲಿ. ಒಂದು ಮೈಲಿಯಷ್ಟು ದೂರ ಎರಡೂ ಭಾಷೆ ಒಟ್ಟಿಗೆ ಓಡಿದವು, ಒಂದೇ ಕಡೆ ಉಸಿರು ತೆಗೆದುಕೊಂಡವು, ಒಂದೇ ಕಡೆ ನಿಂತವು.

"ಅರೆ! ಇವ್ರಿಗೂ ಬರುತ್ತಲ್ಲ ಗೌರಿ ಹಾಡು!" ಎಂದರು ನಮ್ಮ ಯಜಮಾನರು.

ದೊಡ್ಡಾಂಟಿ ಸೀಟ್ ಬೆಲ್ಟಿನೊಳಗೇ ಪೂರ್ತಿ ಹಿಂದಕ್ಕೆ ತಿರುಗಿದರು. "ನಿನಗೆ ಈ ಹಾಡು ಹೇಗೆ ಗೊತ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇದು ನಮ್ಮೂರಿನ ಹಾಡು. ಕ್ಯೋಟೋದ್ದು. ಅಲ್ಲಿ ಎಲ್ಲರಿಗೂ ಬರುತ್ತೆ."

ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ದೊಡ್ಡಾಂಟಿಯ ಅಂಗೈ ಡ್ಯಾಶ್‌ಬೋರ್ಡಿನ ಮೇಲೆ ಪಟ್ಟೆಂದು ಬಿತ್ತು.

"ನೋಡಿದ್ರಾ! ಬೌದ್ಧ ಭಿಕ್ಷುಗಳು ತಗೊಂಡ್ಹೋಗಿದಾರೆ!"

"ಏನು ಆಂಟಿ?" ಎಂದೆ.

"ಮತ್ತೇನು? ಧರ್ಮ ನಮ್ಮಿಂದ ಚೀನಾಕ್ಕೆ ಹೋಯ್ತು, ಅಲ್ಲಿಂದ ಕೊರಿಯಾ, ಅಲ್ಲಿಂದ ಇವ್ಳ ಊರು. ಬರೀ ಧರ್ಮ ಹೋಗುತ್ತಾ? ಜೊತೆಗೆ ಹಾಡೂ ಹೋಗಿರುತ್ತೆ. ನಮ್ಮಜ್ಜಿ ಹಾಡು ಸಾವಿರ ವರ್ಷದ್ದು ಅಂತಾಯ್ತು!"

"ಸೊನ್ನೆ ಕಂಡುಹಿಡಿದೋರೂ ನಾವೇ ಅಲ್ವಾ ಆಂಟಿ," ಎಂದು ನಮ್ಮ ಯಜಮಾನರು ಉರಿಯುವ ಒಲೆಗೆ ಇನ್ನೊಂದು ಸೌದೆ ಇಟ್ಟರು.

ದೊಡ್ಡಾಂಟಿ ಇದನ್ನೆಲ್ಲ ಇಂಗ್ಲಿಷಿನಲ್ಲಿ ಗೆಳತಿಗೂ ವಿವರಿಸಿದರು. ಅವಳು ತಲೆ ಬಾಗಿಸಿ, "ಓ, ಹಾಗಾ," ಎಂದಳು. ಜಪಾನಿನವರ "ಹಾಗಾ" ಎಂದರೆ ಒಪ್ಪಿಗೆಯಲ್ಲವೆಂದು ನನಗೆ ಗೊತ್ತು, ಆಂಟಿಗೆ ಗೊತ್ತಿಲ್ಲ. ಪೆನ್ನು ತೆಗೆದು ಹಿನ್ನೆಲೆಯ ಅಂಚಿನಲ್ಲಿ ಭಿಕ್ಷುಗಳನ್ನು ಸೇರಿಸತೊಡಗಿದರು.

ಮಿಷಿಗನ್ ಮುಗಿಯುವ ಮೊದಲು ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆವು. ಹೆಂಗಸರ ರೆಸ್ಟ್‌ರೂಮಿನಲ್ಲಿ ನಾನು ಗೆಳತಿಗೆ ಎಲ್ಲವನ್ನೂ ಹೇಳಿದೆ: ಹೆಸರುಬೇಳೆ, ಗೌರಿ, ಅಜ್ಜಿ, ಮೂರನೇ ನುಡಿ. ಅವಳು ಕೈ ಒಣಗಿಸುವ ಮೆಷಿನ್ನಿಗೆ ಒರಗಿ ನಕ್ಕಳು; ಅವಳು ನಕ್ಕಷ್ಟೂ ಅದು ತನ್ನಷ್ಟಕ್ಕೆ ಶುರುವಾಗಿ ಭರ್ರೆನ್ನುತ್ತಿತ್ತು.

"ನಮ್ಮಮ್ಮ ಕಾಲೇಜಿನಲ್ಲಿದ್ದಾಗ ಟೀವಿಯಲ್ಲಿ ಬಂದ ಹಾಡು ಅದು," ಎಂದಳು. "ಭಿಕ್ಷುಗಳು ಪಾಪ."

"ನಿನಗೆ ಸಿಟ್ಟಿಲ್ವಾ?"

"ಯಾಕೆ? ಆ ಹೆಂಗಸು ಅಷ್ಟು ವರ್ಷದಿಂದ ಸೇತುವೆ ಮೇಲೆ ನೆನೆಯುತ್ತಾ ನಿಂತಿದ್ದಳು. ನೀನು ಒಳಗೆ ಕರೆದು ಟವೆಲ್ ಕೊಟ್ಟೆ." ಆಮೇಲೆ ಅವಳ ಮುಖದ ನಗು ನಿಂತಿತು. "ಆದರೆ ಆ ಅಮ್ಮನಿಗೆ ಹೇಳು. ಈಗಲೇ ಹೇಳು. ಅವರು ಸಾವಿರ ವರ್ಷ ಅಂದರೆ, ಸಭೆಯಲ್ಲಿ ಯಾರಾದರೂ ಫೋನಿಗೆ ಈ ರಾಗ ಕೇಳಿಸುತ್ತಾರೆ. ಅರ್ಧ ನಿಮಿಷದಲ್ಲಿ ಅದು ಮೂಲ ಹಾಡು ಯಾವುದೆಂದು ತೋರಿಸಿಬಿಡುತ್ತೆ."

ಮೂರು ವಾರದ ಮಂಡಿನೋವು ನನ್ನ ಕಣ್ಣಿಗೆ ಕಟ್ಟಿತು. ಈ ಸಲ ಅದು ಮೂರು ವಾರಕ್ಕೆ ಹೋಗುವಂಥದ್ದಲ್ಲ. ದೊಡ್ಡಾಂಟಿ ಮತ್ತೆ ಯಾವ ಬೊಂಬೆ ಮನೆಗೂ ಬರುವುದಿಲ್ಲ, ಯಾವ ರಾಗದ ಹೆಸರನ್ನೂ ಹೇಳುವುದಿಲ್ಲ.

ಹೊರಗೆ ಕೊರೆಯುವ ಚಳಿ, ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ನಲವತ್ತೊಂದು ಡಿಗ್ರಿ. ಪಿಕ್ನಿಕ್ ಟೇಬಲ್ಲಿನಲ್ಲಿ ದೊಡ್ಡಾಂಟಿ ಕೋಟಿನ ಮೇಲೆ ಶಾಲು ಹೊದ್ದು ಪುಳಿಯೋಗರೆಯ ಫಾಯಿಲ್ ಬಿಚ್ಚುತ್ತಿದ್ದರು. ನಾನು ಎದುರು ಕೂತು, ತಪ್ಪೊಪ್ಪಿಗೆಯ ದನಿಯಲ್ಲಿ, ಕಾನ್ವೆಂಟಿನ ಹಾಗೆ ಕೈ ಕಟ್ಟಿ ಹೇಳಿದೆ.

"ಆಂಟಿ, ಅದು ಹಳೇ ಹಾಡಲ್ಲ. ರಾಗ ಅವಳ ಊರಿನ ಸಿನಿಮಾ ಥರದ ಹಾಡಿಂದು. ಮಾತು ನಾನು ಬರೆದಿದ್ದು. ನವರಾತ್ರಿ ವಾರದಲ್ಲೇ ಬರೆದೆ. ನೀವು ಅಜ್ಜಿ ಹಾಡು ಅಂದಾಗ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪಾಯ್ತು."

ಅವರು ಒಂದು ಕಡಲೆಬೇಳೆಯನ್ನು ಚಮಚದ ತುದಿಯಿಂದ ಬದಿಗೆ ಸರಿಸಿದರು. "ನಮ್ಮಜ್ಜಿ ಹಾಡಿದ್ದು ನಂಗೆ ಕಿವೀಲಿದೆ," ಎಂದರು.

ಇನ್ನೊಂದು ಕಡಲೆಬೇಳೆಯನ್ನೂ ಬದಿಗೆ ಸರಿಸಿದರು.

"ಮೂರನೇ ನುಡೀನೂ ನೀನೇ ಬರೆದ್ಯಾ?"

"ಇಲ್ಲ ಆಂಟಿ. ಮೂರನೇದು ನಂದಲ್ಲ."

"ಅವ್ಳದಾ?"

"ಅವಳದೂ ಅಲ್ಲ."

ಇನ್ನು ಉಳಿದದ್ದು ಒಬ್ಬರೇ. ಅವರು ನನ್ನನ್ನೇ ನೋಡಿದರು. ನಾನು ಪುಳಿಯೋಗರೆಯನ್ನು ನೋಡಿದೆ.

"ಉಪ್ಪು ಕಮ್ಮಿಯಾಗಿದೆ," ಎಂದು ಫಾಯಿಲ್ ಮಡಚಿ ಎದ್ದರು.

ಇಂಡಿಯಾನಾ ಗಡಿಯಲ್ಲಿ ಫೋನುಗಳು ಒಂದು ಗಂಟೆ ಹಿಂದಕ್ಕೆ ಹೋದವು. "ಒಂದು ಗಂಟೆ ಲಾಭ," ಎಂದು ನಮ್ಮ ಯಜಮಾನರು ಎಂದಿನಂತೆ ಹೇಳಿದರು, ಯಾರೂ ನಗಲಿಲ್ಲ. ಆ ಒಂದು ಗಂಟೆಯನ್ನು ದೊಡ್ಡಾಂಟಿ ತೊಡೆಯ ಮೇಲಿನ ಕಾಗದವನ್ನು ನೋಡುತ್ತಾ ಕಳೆದರು. ನನಗೆ ಅವರ ಜಡೆಯ ತುದಿ, ಕಿವಿಯ ಹಿಂದಿನ ಬಿಳಿ ಕೂದಲು ಮಾತ್ರ ಕಾಣುತ್ತಿತ್ತು. ಅವರೀಗ ಹಾಡುವುದೇ ಇಲ್ಲವೋ, ಅಥವಾ ಹಟಕ್ಕೆ ಬಿದ್ದು ಭಿಕ್ಷುಗಳನ್ನು ವೇದಿಕೆ ಹತ್ತಿಸುವರೋ ತಿಳಿಯದೆ ನಾನು ಕೋಡುಬಳೆಯ ಡಬ್ಬಿಯನ್ನು ಅಪ್ಪಿಕೊಂಡು ಕೂತೆ.

ಬೋಲಿಂಗ್‌ಬ್ರೂಕಿನಲ್ಲಿ ಅದು ಒಂದು ಸ್ಕೂಲಿನ ಸಭಾಂಗಣ. ಬಾಸ್ಕೆಟ್‌ಬಾಲ್ ಗೆರೆಗಳ ಮೇಲೆ ಕುರ್ಚಿ, ಸ್ಕೋರ್ ಬೋರ್ಡಿಗೆ ಹಳದಿ ಕೆಂಪು ಬಟ್ಟೆ. ದೊಡ್ಡಾಂಟಿಯ ಸರದಿ ನಾಲ್ಕನೆಯದು. ಅವರಿಗಿಂತ ಮೊದಲಿನವರು ತಮ್ಮ ಮುತ್ತಜ್ಜಿ ಅರಮನೆಯಲ್ಲಿ ಹಾಡಿದ್ದರೆಂದರು, ಇನ್ನೊಬ್ಬರ ಮುತ್ತಜ್ಜಿ ಇನ್ನೂ ದೊಡ್ಡ ಅರಮನೆಯಲ್ಲಿ. ಮುಂದಿನ ಸಾಲಿನ ಹುಡುಗಿಯರ ಕೈಯಲ್ಲೆಲ್ಲ ಫೋನುಗಳು ಹೊಳೆಯುತ್ತಿದ್ದವು.

ದೊಡ್ಡಾಂಟಿ ಮೈಕಿನ ಮುಂದೆ ನಿಂತು ಕಾಗದ ಬಿಚ್ಚಿದರು. ಕನ್ನಡಕ ಹಾಕಿಕೊಂಡರು. ಕನ್ನಡಕ ತೆಗೆದರು. ಕಾಗದವನ್ನು ನಾಲ್ಕಾಗಿ ಮಡಚಿ ಪರ್ಸಿನೊಳಗೆ ಹಾಕಿ ಝಿಪ್ ಎಳೆದರು. ಆ ಝಿಪ್ಪಿನ ಸದ್ದು ಮೈಕಿನಲ್ಲಿ ಇಡೀ ಸಭೆಗೆ ಕೇಳಿತು.

"ನಮ್ಮಜ್ಜಿಗೆ ಹಾಡೋಕೆ ಬರ್ತಿರ್ಲಿಲ್ಲ," ಎಂದರು.

ಯಾರೋ ಕಿಸಕ್ಕೆಂದರು.

"ನಗಿ, ಪರವಾಗಿಲ್ಲ. ನೀರೊಲೆ ಮುಂದೆ ಕೂತು ಏನೋ ಗುನುಗ್ತಿದ್ರು, ಒಂದು ಸ್ವರಾನೂ ಸರಿ ಇರ್ತಿರ್ಲಿಲ್ಲ. ಇವಳು ಈ ಹಾಡು ಹೇಳ್ದಾಗ, ಇದೇ ಇರ್ಬೇಕು ಅವ್ರು ಹಾಡೋಕೆ ಹೋಗಿದ್ದು ಅಂತ ನಂಗನ್ನಿಸ್ಬಿಡ್ತು. ಹಾಗಂತ ಎಲ್ರಿಗೂ ಹೇಳ್ದೆ. ನಿಮ್ಮ ಕಾರ್ಯಕ್ರಮದ ಪಟ್ಟೀಲೂ ಹಾಗೇ ಪ್ರಿಂಟಾಗಿದೆ. ಅದನ್ನ ಹೊಡೆದುಹಾಕಿ. ಇದರ ರಾಗ ಜಪಾನಿನ ಕ್ಯೋಟೋದ್ದು, ಅಗೋ ಅಲ್ಲಿ ನೀಲಿ ಸ್ವೆಟರ್ ಹಾಕ್ಕೊಂಡಿದಾಳಲ್ಲ, ಅವ್ಳ ಊರು. ಮೊದಲೆರಡು ನುಡಿ ಅವ್ಳ ಪಕ್ಕದಲ್ಲಿ ತಲೆ ತಗ್ಗಿಸ್ಕೊಂಡು ಕೂತಿರೋ ಕಳ್ಳೀದು."

ಐನೂರು ಕಣ್ಣು ನನ್ನ ಕಡೆ ತಿರುಗಿದವು. ನಮ್ಮ ಯಜಮಾನರು ಕೂಡ ತಿರುಗಿದರು. ಅವರಿಗೆ ವಿಷಯ ತಿಳಿದದ್ದೇ ಆಗ.

"ಮೂರನೇದು," ಎಂದು ದೊಡ್ಡಾಂಟಿ ನಿಲ್ಲಿಸಿದರು. ಸೆರಗಿನ ಪಿನ್ನನ್ನು ಒಮ್ಮೆ ಮುಟ್ಟಿಕೊಂಡರು. "ಮೂರನೇದು ನಂದು. ಇಷ್ಟು ವರ್ಷ ಬೇರೆಯೋರ ಹಾಡಿಗೆ ರಾಗದ ಹೆಸರು ಹೇಳ್ದೆ. ನಂದು ಅಂತ ಒಂದು ಸಾಲು ಬರೆದಿರ್ಲಿಲ್ಲ. ಬರೆದಾಗ್ಲೂ ಅಜ್ಜಿ ಹೆಸರು ಹೇಳಿ ಬಚ್ಚಿಟ್ಕೊಂಡೆ. ಚೆನ್ನಾಗಿಲ್ದಿದ್ರೆ ಚಪ್ಪಾಳೆ ಹೊಡೀಬೇಡಿ, ನಂಗೇನೂ ಬೇಜಾರಿಲ್ಲ."

ಬೇಜಾರಿತ್ತು. ಅವರ ಬೆರಳುಗಳು ಮೈಕಿನ ಕಂಬವನ್ನು ಹೇಗೆ ಹಿಡಿದಿದ್ದವೆಂದು ನನಗೆ ಕಾಣುತ್ತಿತ್ತು.

ಹಾಡಿದರು. ಮೊದಲ ಎರಡು ನುಡಿಯನ್ನು ಬೇಗ ಬೇಗ, ಯಾರದೋ ಮನೆಯ ವರಾಂಡ ದಾಟುವ ಹಾಗೆ. ಮೂರನೆಯದಕ್ಕೆ ಬಂದಾಗ ನಿಧಾನವಾದರು. "ಹೋದ ಮನೆಯೂ ತವರೇ ಆಯ್ತು" ಎನ್ನುವಲ್ಲಿ ಸ್ವರ ಸ್ವಲ್ಪ ಜಾರಿತು. ಯಾರೂ ಫೋನ್ ನೋಡಲಿಲ್ಲ. ಹಾಡು ಮುಗಿದಾಗ ಮೊದಲು ಎದ್ದು ನಿಂತವಳು ನನ್ನ ಗೆಳತಿ. ಅವಳಿಗೆ ಕನ್ನಡ ಒಂದಕ್ಷರ ಬಾರದು. ಆಮೇಲೆ ಕುರ್ಚಿಗಳು ಒಂದೊಂದಾಗಿ ಕಿರುಗುಟ್ಟಿದವು. ಚಪ್ಪಾಳೆ ನಿಲ್ಲದ್ದನ್ನು ನೋಡಿ ದೊಡ್ಡಾಂಟಿ, "ಸಾಕು, ಮುಂದಿನೋರಿಗೆ ಹೊತ್ತಾಗುತ್ತೆ," ಎಂದು ಗದರಿದರು. ಇಳಿಯುವಾಗ ಮಾತ್ರ ಮೆಟ್ಟಿಲನ್ನು ಬಹಳ ನಿಧಾನವಾಗಿ ಇಳಿದರು.

ಊಟದ ಸಾಲಿನಲ್ಲಿ ನಾನು ಅವರ ಹಿಂದೆ ನಿಂತಿದ್ದೆ. ಅವರು ಇನ್ನೂ ನನ್ನೊಡನೆ ಮಾತಾಡಿರಲಿಲ್ಲ. ಒಂದು ಪೇಪರ್ ತಟ್ಟೆ ತೆಗೆದು ನನ್ನ ಕೈಗೆ ತುರುಕಿ, "ಕಳ್ಳಿ," ಎಂದರು. ನನಗೆ ಅಷ್ಟು ಸಾಕಿತ್ತು.

ಅಷ್ಟರಲ್ಲಿ ಶಾಮ್‌ಬರ್ಗಿನ ಒಬ್ಬ ಹೆಂಗಸು, ಮೂವತ್ತೈದರ ಒಳಗಿನವಳು, ತಟ್ಟೆ ಹಿಡಿದುಕೊಂಡೇ ಸಾಲು ದಾಟಿ ಬಂದಳು.

"ಆಂಟಿ, ನಿಮ್ಮ ಹಾಡು ಕೇಳಿ ಮೈ ಜುಂ ಅಂತು. ನಮ್ಮತ್ತೆ ಇದನ್ನೇ ಹಾಡ್ತಿದ್ರು ಆಂಟಿ! ನಾಲ್ಕನೇ ನುಡೀನೂ ಇದೆ, ನಂಗೆ ಅರ್ಧ ನೆನಪಿದೆ."

ನಾನು ಬಾಯಿ ಬಿಡುವಷ್ಟರಲ್ಲಿ ದೊಡ್ಡಾಂಟಿ ನನ್ನ ಕಾಲನ್ನು ತಮ್ಮ ಉಣ್ಣೆಯ ಕಾಲುಚೀಲದ ಕಾಲಿನಿಂದ ಮೆಲ್ಲಗೆ ಮೆಟ್ಟಿದರು. ತಟ್ಟೆಯನ್ನು ಬಿಸಿಬೇಳೆಬಾತಿನ ಟ್ರೇ ಪಕ್ಕ ಇಟ್ಟು, ಪರ್ಸಿನ ಝಿಪ್ ತೆಗೆದು, ನಾಲ್ಕಾಗಿ ಮಡಚಿದ ಕಾಗದವನ್ನು ಖಾಲಿ ಹಿಂಬದಿ ಮೇಲೆ ಬರುವಂತೆ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದರು.

"ಹೇಳಮ್ಮ. ನಿಧಾನವಾಗಿ ಜ್ಞಾಪಿಸ್ಕೊಂಡು ಹೇಳು. ಬರ್ಕೋತೀನಿ."

ಅವಳು ಸೀಲಿಂಗಿನ ಕಡೆ ನೋಡಿದಳು. ತುಟಿ ಅಲುಗಿತು, ನಿಂತಿತು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ "ಏನಾಯ್ತ್ರೀ ಮುಂದೆ?" ಎಂದು ಕೂಗಿದರು. ದೊಡ್ಡಾಂಟಿ ಪೆನ್ನು ಹಿಡಿದ ಕೈಯನ್ನು ಹಾಗೇ ಮೇಲೆತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಕಾದರು.